ಹಳೇ ಬ್ಯಾಟರಿ, ಸೀಸ ಮತ್ತು ಮನೆಯ ಸಣ್ಣ ಮಕ್ಕಳು

ಒಡೆದ ಬ್ಯಾಟರಿ ನೆಕ್ಕಿದ ದನ ಉಳಿಯೋದು ಕಷ್ಟ. ಹೋದ ವರ್ಷ ನಮ್ಮ ಓಣಿಯಲ್ಲೇ ಒಂದು ಎಮ್ಮಿಕರು ಹೋಯಿತು. ಮೊದಲು ಹಲ್ಲು ಕಡಿಯಿತು, ಕಣ್ಣು ಕಾಣದೆ ಗ್ವಾದಲಿಗೆ ಹಾಯಿತು, ಆಮೇಲೆ ಗೋಡೆಗೆ ತಲೆ ಒತ್ತಿ ನಿಂತಿತು. ದನದ ಡಾಕ್ಟರು ಬಂದವರೇ "ಹಳೇ ಬ್ಯಾಟರಿ ಎಲ್ಲಿ ಇಟ್ಟೀರಿ?" ಅಂತ ಕೇಳಿದರು. ಹಿತ್ತಲದಾಗ ಇತ್ತು. ಅದೇ ಹಿತ್ತಲದಾಗ ಆ ಮನೆಯ ಎರಡು ವರ್ಷದ ಕೂಸೂ ದಿನಾ ಆಡುತ್ತದೆ. ಕರುವಿನ ಬಗ್ಗೆ ಊರೆಲ್ಲ ಮಾತಾಡಿತು, ಕೂಸಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೀಸ ಅಂದರೆ ಯಾವುದು ಅಂತ ಮೊದಲು ಹೇಳಬೇಕು. ನಮ್ಮ ಬೆಳಗಾವಿ ಕಡೆ ಬಾಟಲಿಗೆ ಶೀಸೆ ಅಂತೇವೆ, ಪೆನ್ಸಿಲಿಗೆ ಶೀಸಪೆನ್ಸಿಲ್ ಅಂತೇವೆ. ಇವೆರಡರಲ್ಲೂ ಸೀಸ ಇಲ್ಲ. ಪೆನ್ಸಿಲ್ಲಿನ ಒಳಗಿರೋದು ಗ್ರಾಫೈಟ್, ಹುಡುಗರು ಕಚ್ಚಿದರೆ ಗಾಬರಿ ಬೇಡ. ನಾನು ಹೇಳೋದು ಭಾರದ, ಮೆತ್ತನೆಯ, ಚಾಕುವಿನಿಂದ ಗೀರಿದರೆ ಬೆಳ್ಳಗೆ ಹೊಳೆಯುವ ಲೋಹ. ಮಲಪ್ರಭೆಯಲ್ಲಿ ಮೀನು ಹಿಡಿಯುವವರು ಬಲೆಯ ಅಂಚಿಗೆ ಕಟ್ಟುವ ಗುಂಡು ಇದರದ್ದೇ.

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಖಾನಾಪುರ ಅಂದರೆ ಎಲ್ಲರಿಗೂ ಕಣಕುಂಬಿಯ ಮಳೆ, ಕಾಡು ನೆನಪಾಗುತ್ತದೆ. ನಮ್ಮದು ಪಾರಿಶ್ವಾಡ, ಇಟಗಿ ಕಡೆಯ ಎರೆಹೊಲ, ಮ್ಯಾಲಿನ ಮಳಿ ನಂಬಿದ ಬೇಸಾಯ. ಇಲ್ಲಿ ಕೂಡ ಈಗ ಒಂದೊಂದು ಮನೆಯಲ್ಲಿ ಮೂರು ನಾಲ್ಕು ಬ್ಯಾಟರಿ ಸಿಗುತ್ತವೆ: ಟ್ರ್ಯಾಕ್ಟರಿನದು, ಮೋಟಾರ್ ಸೈಕಲ್ಲಿನದು, ಇನ್ವರ್ಟರಿನದು, ಕಾಡುಹಂದಿ ಕಾಟಕ್ಕೆ ಹಾಕಿದ ಝಟಕಾ ಬೇಲಿಯದು. ಸತ್ತ ಬ್ಯಾಟರಿ ಮೂಲೆಗೆ ಬೀಳುತ್ತದೆ. ಬಿಸಿಲಿಗೆ ಡಬ್ಬಿ ಸೀಳುತ್ತದೆ, ಆಸಿಡ್ ಸೋರುತ್ತದೆ, ಆಸಿಡ್ ಜೊತೆ ಸೀಸದ ಬೂದುಪುಡಿ ಮಣ್ಣಿಗೆ ಇಳಿಯುತ್ತದೆ. ನಮ್ಮ ಗೊಬ್ಬರದ ಹಾಗೆ ಅದು ಕೊಳೆತು ಕರಗುವ ವಸ್ತು ಅಲ್ಲ. ಬಿದ್ದ ಮಣ್ಣಿನಲ್ಲಿ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಇನ್ನೂ ಕೆಟ್ಟ ಕೆಲಸ ಅಂದರೆ ಮನೆಯಲ್ಲೇ ಕರಗಿಸೋದು. ಸೀಸ ಕರಗಲು 327 ಡಿಗ್ರಿ ಕಾವು ಸಾಕು, ಕಟ್ಟಿಗೆ ಒಲೆಯ ಮೇಲೂ ಕರಗುತ್ತದೆ. ಹಾಗಂತ ಬಲೆಗುಂಡು, ತೂಕದ ಬಟ್ಟು ಮಾಡಲು ಕೆಲವರು ಹಿತ್ತಲದಾಗೇ ಕೂರುತ್ತಾರೆ. ಹೊಗೆ, ಪುಡಿ ಎಲ್ಲ ಅಂಗಳಕ್ಕೆ, ಒಣಹಾಕಿದ ಕಾಳಿಗೆ, ಬಟ್ಟೆಗೆ ಕೂರುತ್ತದೆ. ನಾನು ಬೆಳಗಾವಿಗೆ ಬ್ಯಾಟರಿ ಒಯ್ದಾಗ ಒಂದು ಗುಜರಿಯಲ್ಲಿ ಕೊಡಲಿಯಿಂದ ಬ್ಯಾಟರಿ ಒಡೆಯೋದನ್ನು ನೋಡಿದೆ. ಆಸಿಡ್ ಗಟಾರಕ್ಕೆ, ತಗಡು ಗೋಣಿಗೆ, ಪಕ್ಕದಲ್ಲಿ ಆ ಆಳಿನ ಮಗು ಕುಳಿತು ಚುರಮರಿ ತಿನ್ನುತ್ತಿತ್ತು. ನಾನು ಬ್ಯಾಟರಿ ತಿರುಗಿ ಗಾಡಿಗೆ ಹಾಕಿಕೊಂಡು, ಹೊಸದು ಕೊಂಡ ಅಂಗಡಿಗೇ ಕೊಟ್ಟೆ. ಸ್ವಲ್ಪ ರೊಕ್ಕ ಕಡಿಮೆ ಬಂತು, ಬರಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದು ತಿರುಗಿ ಪಡೆದು ಸರಿಯಾದ ಕಾರ್ಖಾನೆಗೆ ಮುಟ್ಟಿಸುವ ಹೊಣೆ ತಯಾರಕರ ಮೇಲೆ ಐತಿ.

ಸಣ್ಣ ಮಕ್ಕಳಿಗೇ ಯಾಕೆ ಹೆಚ್ಚು? ಅಂಬೆಗಾಲಿಡುವ ಕೂಸು ನೆಲದಲ್ಲೇ ಇರುತ್ತದೆ, ಕೈ ಬಾಯಿಗೇ ಇರುತ್ತದೆ. ಅಷ್ಟೇ ಸೀಸ ದೊಡ್ಡವರೂ ನುಂಗಿದರು ಅಂತ ಇಟ್ಟುಕೊಳ್ಳಿ, ಮಗುವಿನ ಮೈ ಅವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಮಿದುಳು ಬೆಳೆಯುವ ಕಾಲವೂ ಅದೇ. ಸೀಸ ಎಲುಬಿನಲ್ಲಿ ಸುಣ್ಣದ ಜಾಗಕ್ಕೆ ಹೋಗಿ ಕೂರುತ್ತದೆ, ಹತ್ತಾರು ವರ್ಷ ಬಿಡೋದಿಲ್ಲ. ಹೆಣ್ಣುಮಗಳು ಬಸುರಾದಾಗ ಎಲುಬಿನಿಂದ ಎದ್ದು ಹೊಟ್ಟೆಯ ಕೂಸಿಗೂ ಮುಟ್ಟುತ್ತದೆ.

ಕಷ್ಟ ಏನೆಂದರೆ ಕರುವಿನ ಹಾಗೆ ಮಗು ಗೋಡೆಗೆ ಹಾಯೋದಿಲ್ಲ. ತೀರಾ ಹೆಚ್ಚಾದರೆ ಮಾತ್ರ ಹೊಟ್ಟೆನೋವು, ವಾಂತಿ, ಫಿಟ್ಸು. ಕಡಿಮೆ ಇದ್ದಾಗ ಹೊರಗೆ ಏನೂ ಕಾಣೋದಿಲ್ಲ. ಕಲಿಯೋದು ನಿಧಾನ, ಒಂದು ಕಡೆ ಗಮನ ನಿಲ್ಲದು, ಸಿಟ್ಟು, ರಕ್ತ ಕಡಿಮೆ. ಇಂಥ ಹುಡುಗನಿಗೆ ನಾವು "ದಡ್ಡ" ಅಂತ ಹೆಸರಿಟ್ಟು ಕೈಬಿಡ್ತೀವಿ. ಆದ್ದರಿಂದ ಮಗುವನ್ನು ನೋಡಿ ತಿಳಿಯೋಣ ಅಂತ ಕೂರಬ್ಯಾಡ್ರಿ, ಮನೆ ನೋಡ್ರಿ, ಹಿತ್ತಲ ನೋಡ್ರಿ.

ಇದು ಎಲ್ಲೋ ಪರದೇಶದ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅವರು ಜಾರ್ಜ್ ಫೌಂಡೇಶನ್ ಜೊತೆ ಸೇರಿ 1990ರ ದಶಕದ ಕೊನೆಗೆ ದೇಶದ ದೊಡ್ಡ ಶಹರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, 100 ಮಿಲಿಗೆ 10 ಮೈಕ್ರೋಗ್ರಾಂಗಿಂತ ಜಾಸ್ತಿ ಸೀಸ ಸಿಕ್ಕಿತು. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆಗ ಪೆಟ್ರೋಲಿನಲ್ಲೇ ಸೀಸ ಬೆರೆಸುತ್ತಿದ್ದರು, 2000ದಲ್ಲಿ ದೇಶದ ತುಂಬ ಅದು ನಿಂತಿತು. ಆದರೂ 2020ರಲ್ಲಿ ಯುನಿಸೆಫ್ ಕೊಟ್ಟ ವರದಿಯಂತೆ ಲೋಕದ ಮೂರು ಮಕ್ಕಳಲ್ಲಿ ಒಬ್ಬರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಐತಿ. ಇಷ್ಟಿದ್ದರೆ ತೊಂದರೆ ಇಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬ್ಯಾಟರಿ ಬಿಟ್ಟರೆ ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅಂತ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಬಳಿದ ಹಳದಿ, ಕೆಂಪು, ಹಸಿರು ಎಣ್ಣೆಬಣ್ಣದ ಬಾಗಿಲು, ತೊಟ್ಟಿಲು ಇದ್ದರೆ ಒಣ ಉಜ್ಜಬ್ಯಾಡ್ರಿ, ನೀರು ಹಚ್ಚಿ ಉಜ್ಜಿರಿ, ಆ ಹೊತ್ತು ಮಕ್ಕಳನ್ನು ಬೇರೆ ಮನೆಗೆ ಕಳಿಸಿರಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಲು ಹುಡುಗರ ಕೈಗೆ ಹಳೇ ಡಬ್ಬಿ ಕೊಡೋದೂ ಬೇಡ. ತಾಮ್ರ ಹಿತ್ತಾಳೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವೇ ಆಗಬೇಕು, ಸೀಸ ಬೆರೆಸಿದರೆ ಹುಣಸೆಹುಳಿಗೆ ಕರಗಿ ಸಾರಿಗೆ ಇಳಿಯುತ್ತದೆ. ಮಣ್ಣಿನ ಪಾತ್ರೆಯಲ್ಲೂ ಹೊಳಪು ಲೇಪದ್ದಕ್ಕೆ ಇದೇ ಅನುಮಾನ. ಕುಂಬಾರಿಕೆಗೆ ಹೆಸರಾದ ಖಾನಾಪುರದ ಸಾದಾ ಕೊಡಕ್ಕೆ ಲೇಪವೇ ಇಲ್ಲ, ಹೆದರಿಕೆಯೂ ಇಲ್ಲ. ಅರಿಷಿಣ ಪುಡಿಗಿಂತ ಬೇರು ತಂದು ಕುಟ್ಟಿಕೊಳ್ಳೋದು ಚಲೋ, ಆದರೆ ಬೇರೂ ಕಣ್ಣು ಕುಕ್ಕುವಷ್ಟು ಹಳದಿ ಇರಬಾರದು. ಬಾಂಗ್ಲಾದೇಶದಲ್ಲಿ ಬೇರಿಗೇ ಸೀಸದ ಹಳದಿ ಬಣ್ಣ ಉಜ್ಜುತ್ತಿದ್ದುದು 2019ರಲ್ಲಿ ಬಯಲಾಯಿತು.

ಖಾಲಿ ಹೊಟ್ಟೆಯ, ರಕ್ತ ಕಡಿಮೆ ಇರುವ ಮಗುವಿನ ಮೈ ಸೀಸವನ್ನು ಇನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ಕಬ್ಬಿಣ, ಸುಣ್ಣದ ಅಂಶ ಸಾಕಷ್ಟಿದ್ದರೆ ಕಡಿಮೆ. ನುಗ್ಗಿಸೊಪ್ಪು, ಮೆಂತೆಪಲ್ಲೆ, ಎಳ್ಳು, ಗುರೆಳ್ಳು ಹಿಂಡಿ, ಮೊಸರು ನಮ್ಮ ಮನೆಯಲ್ಲೇ ಇರುವ ವಸ್ತು. ಉಣ್ಣುವ ಮೊದಲು ಸಾಬೂನಿನಿಂದ ಕೈ ತೊಳೆಸೋದು, ನೆಲ ಕಸಬರಿಗೆಗಿಂತ ಒದ್ದೆ ಬಟ್ಟೆಯಿಂದ ಒರೆಸೋದು. ಗ್ಯಾರೇಜ್, ಬ್ಯಾಟರಿ ಅಂಗಡಿಯಲ್ಲಿ ದುಡಿಯುವ ಮಗ ಬಟ್ಟೆ ಬದಲಿಸಿ, ಮೈ ತೊಳೆದು ಕೂಸನ್ನು ಎತ್ತಿಕೊಳ್ಳಲಿ.

ಅನುಮಾನ ಇದ್ದರೆ ಬೆಳಗಾವಿಯ ಮಕ್ಕಳ ಡಾಕ್ಟರ ಹತ್ತಿರ ಹೋಗಿ "ರಕ್ತದಾಗಿನ ಸೀಸದ ಪರೀಕ್ಷೆ ಬರೆದುಕೊಡ್ರಿ" ಅಂತ ಬಾಯಿಬಿಟ್ಟು ಹೇಳಬೇಕು. ರಕ್ತ ಎಷ್ಟೈತಿ ಅಂತ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಅದು ಗೊತ್ತಾಗೋದಿಲ್ಲ. 45 ಮೈಕ್ರೋಗ್ರಾಂ ಮುಟ್ಟಿದ್ದರೆ ಸೀಸ ಹೊರಹಾಕುವ ಔಷಧಿ ಕೊಡುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಮುಖ್ಯ ಕೆಲಸ ಸೀಸ ಎಲ್ಲಿಂದ ಬಂತು ಅಂತ ಹುಡುಕಿ ತೆಗೆಯೋದೇ. ಹೋಗುವಾಗ ಮನೆಯಲ್ಲಿ ಬ್ಯಾಟರಿ ಎಲ್ಲಿ ಇತ್ತು, ಎಷ್ಟು ವರ್ಷ ಇತ್ತು ಅನ್ನೋದನ್ನೂ ಡಾಕ್ಟರಿಗೆ ಹೇಳ್ರಿ.