ಔಷಧ ಹಿಡಿಯುತ್ತಾ? ಸ್ಕ್ಯಾನ್ ಹೇಳಬಲ್ಲದೇ?

ದೊಡ್ಡಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ ನಾನು ಪಿಯುಸಿಯಲ್ಲಿದ್ದೆ. ಮೂರು ಸುತ್ತು ಕಿಮೊ ಆಯಿತು. ಕೂದಲು ಉದುರಿತು, ಊಟ ಸೇರದಾಯಿತು. ಮತ್ತೆ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಕರಗಿರಲಿಲ್ಲ, ಬೆಳೆದಿತ್ತು. ‘ಈ ಔಷಧ ಹಿಡಿಯಲ್ಲ ಅಂತ ಮೊದಲೇ ಗೊತ್ತಾಗಲ್ವಾ?’ ಎಂದು ದೊಡ್ಡಮ್ಮ ಕೇಳಿದ್ದರು. ಈಗ ಬಯೊಮೆಡಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ನನಗೆ ನೆನಪಾದದ್ದು ಆ ಪ್ರಶ್ನೆಯೇ.

ಔಷಧ ಕೆಲಸ ಮಾಡಿದೆಯೇ ಎಂದು ತಿಳಿಯಲು ವೈದ್ಯರು ಇಂದಿಗೂ ಹೆಚ್ಚಾಗಿ ನಂಬುವುದು ಅಳತೆಯನ್ನೇ. ‘ರೆಸಿಸ್ಟ್’ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಗುರುತಿಸಿಟ್ಟ ಗಡ್ಡೆಗಳ ಅಳತೆಯ ಮೊತ್ತ ಶೇ 30ರಷ್ಟು ಇಳಿದರೆ ಔಷಧಕ್ಕೆ ಸ್ಪಂದಿಸಿದೆ ಎಂದರ್ಥ; ಅತಿ ಕಡಿಮೆ ಇದ್ದ ಅಳತೆಗಿಂತ ಶೇ 20ರಷ್ಟು ಏರಿದರೆ ರೋಗ ಮುಂದುವರಿದಿದೆ ಎಂದರ್ಥ. ಆದರೆ ಗಾತ್ರ ಬದಲಾಗಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಔಷಧ ಮೈಯನ್ನು ಹಿಂಡಿರುತ್ತದೆ.

ಕೆಲವು ಕ್ಯಾನ್ಸರ್‌ಗಳಲ್ಲಿ ಇನ್ನೂ ಬೇಗ ತಿಳಿಯುತ್ತದೆ. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಎರಡು ಸುತ್ತಿನ ಕಿಮೊ ನಂತರ ಪೆಟ್ ಸ್ಕ್ಯಾನ್ ಮಾಡುತ್ತಾರೆ. ವಿಕಿರಣ ಸೂಸುವ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಸೇರಿಸಿದರೆ ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಹೊಳಪು ಆರಿದ್ದರೆ ಔಷಧ ಹಿಡಿದಿದೆ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೀಗೆ ಹೊಳಪು ಆರಿದವರ ಪೈಕಿ ಅರ್ಧದಷ್ಟು ಮಂದಿಗೆ, ಶ್ವಾಸಕೋಶಕ್ಕೆ ಹಾನಿ ಮಾಡುವ ಬ್ಲಿಯೊಮೈಸಿನ್ ಔಷಧವನ್ನು ಕೈಬಿಟ್ಟರು. ಮೂರು ವರ್ಷ ರೋಗ ಮರುಕಳಿಸದೆ ಉಳಿದವರು, ಔಷಧ ಮುಂದುವರಿಸಿದ ಗುಂಪಿನಲ್ಲಿ ಶೇ 85.7, ಬಿಟ್ಟ ಗುಂಪಿನಲ್ಲಿ ಶೇ 84.4.

ಚಿಕಿತ್ಸೆಗೆ ಮೊದಲೇ ಹೇಳಬಹುದೇ? ‘ರೇಡಿಯೊಮಿಕ್ಸ್’ ಹೊರಟಿರುವುದು ಅಲ್ಲಿಗೆ. ಗಡ್ಡೆಯ ಆಕಾರ, ಒಳಗಿನ ಒರಟುತನ, ಬೂದು ಛಾಯೆಗಳ ಹಂಚಿಕೆ ಎಲ್ಲವನ್ನೂ ಕಂಪ್ಯೂಟರ್ ಅಂಕಿಗಳಾಗಿಸುತ್ತದೆ. 2014ರಲ್ಲಿ 1,019 ರೋಗಿಗಳ ಸಿ.ಟಿ. ಚಿತ್ರಗಳಿಂದ 440 ಲಕ್ಷಣಗಳನ್ನು ತೆಗೆದ ಅಧ್ಯಯನ ಬಹಳ ಸುದ್ದಿ ಮಾಡಿತು. ಅದರ ಒಂದು ಭಾಗ, 422 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಚಿತ್ರಗಳು, ಯಾರು ಬೇಕಾದರೂ ಉಚಿತವಾಗಿ ಪಡೆಯುವಂತಿವೆ. ನಾವು ಮೂವರು ಗೆಳತಿಯರು ಅದನ್ನೇ ಇಳಿಸಿಕೊಂಡೆವು. (ಅದರಲ್ಲಿರುವುದು ರೋಗಿ ಎಷ್ಟು ಕಾಲ ಬದುಕಿದರೆಂಬ ಮಾಹಿತಿ, ಔಷಧ ಹಿಡಿಯಿತೇ ಎಂಬುದಲ್ಲ. ಇದು ಹೊಳೆಯಲು ನಮಗೆ ಎರಡು ವಾರ ಬೇಕಾಯಿತು!)

ಫಲಿತಾಂಶ ಚೆನ್ನಾಗಿಯೇ ಬಂತು. ಗೈಡ್ ನೋಡಿ, ‘ಎಲ್ಲ ತೆಗೆದು ಗಡ್ಡೆಯ ಗಾತ್ರ ಒಂದನ್ನೇ ಕೊಡಿ’ ಎಂದರು. ಕೊಟ್ಟೆವು. ಹೆಚ್ಚುಕಡಿಮೆ ಅದೇ ಉತ್ತರ. ನೂರಾರು ಲಕ್ಷಣಗಳು ಸುತ್ತಿ ಬಳಸಿ ಹೇಳಿದ್ದು ಗಡ್ಡೆ ದೊಡ್ಡದು, ಸಣ್ಣದು ಎಂಬುದನ್ನಷ್ಟೇ. ಅವಮಾನವಾಯಿತು. ಆಮೇಲೆ ನೋಡಿದರೆ 2019ರಲ್ಲಿ ಟೊರಾಂಟೊದ ಸಂಶೋಧಕರು ಆ ಹೆಸರಾಂತ ಅಧ್ಯಯನದಲ್ಲೇ ಇದನ್ನು ತೋರಿಸಿದ್ದರು! ಗಡ್ಡೆಯೊಳಗಿನ ಛಾಯೆಗಳನ್ನು ಅಡ್ಡಾದಿಡ್ಡಿ ಕಲಸಿದರೂ ಭವಿಷ್ಯ ಹೇಳುವ ಶಕ್ತಿ ಕುಗ್ಗಿರಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ‘ದೊಡ್ಡದಾಗಿದೆ ಅಂತ ಡಾಕ್ಟ್ರೇ ಹೇಳಿದ್ರಲ್ಲೇ’ ಎಂದರು.

ಸ್ಕ್ಯಾನರ್ ಬದಲಾದರೆ, ಪದರದ ದಪ್ಪ ಬದಲಾದರೆ, ಗಡ್ಡೆಯ ಅಂಚನ್ನು ಗುರುತಿಸುವವರು ಬದಲಾದರೆ ಅಂಕಿಗಳೂ ಬದಲಾಗುತ್ತವೆ. ಹಾಗಾಗಿ ಈ ಕ್ಷೇತ್ರಕ್ಕೆ ಕೋಡಿಂಗ್ ಬಲ್ಲವರಷ್ಟೇ ಸಾಲರು. ಚಿತ್ರ ಹೇಗೆ ತೆಗೆಯುತ್ತಾರೆಂದು ಬಲ್ಲ ರೇಡಿಯಾಲಜಿ ಟೆಕ್ನೀಷಿಯನ್‌ಗಳು, ಸಂಖ್ಯಾಶಾಸ್ತ್ರ ಓದಿದವರೂ ಬೇಕು. ನಾವೀಗ ಗಾತ್ರವನ್ನು ಪಕ್ಕಕ್ಕಿಟ್ಟು, ಉಳಿದ ಲಕ್ಷಣಗಳಲ್ಲಿ ಏನಾದರೂ ಹೊಸ ಮಾತು ಇದೆಯೇ ಎಂದು ಹುಡುಕುತ್ತಿದ್ದೇವೆ. ಮುಂದಿನ ತಿಂಗಳು ವೈವಾ.