ಗೋಡೆ ಹುಡುಕಿದ ಹುಡುಗಿ

ನನ್ನ ಅಕ್ಕನ ಮಗಳು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿಯುತ್ತಾಳೆ. ಈ ಮಾತು ಕೇಳಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಹಾಕುತ್ತಾರೆ. ಮೊದಲನೆಯದು: "ಒಳ್ಳೆಯದಾಯಿತು, ಮುಂದೆ ಏನು ಮಾಡುತ್ತಾಳೆ?" ಎರಡನೆಯದು: "ನಮ್ಮ ಮನೆಯ ಗಣಪತಿಯ ಹಿಂದಿನ ಪರದೆ ಬರೆದುಕೊಟ್ಟಾಳೇ?" ಎರಡನೆಯದಕ್ಕೆ ಉತ್ತರ ಸುಲಭ, ಬರೆದುಕೊಡುತ್ತಾಳೆ. ಮೊದಲನೆಯದರ ಉತ್ತರ ಅವಳ ತಂದೆಗೇ ತಿಳಿದಿರಲಿಲ್ಲ. ಅದನ್ನೇ ನೆನೆದು ಅವರು ರಾತ್ರಿ ಮಗ್ಗುಲು ಬದಲಿಸುತ್ತಿದ್ದರು.

ಅವರು, ಎಂದರೆ ನನ್ನ ಭಾವ, ಲೋವರ್ ಪರೇಲಿನ ಒಂದು ಗಲ್ಲಿಯಲ್ಲಿ ಹೋಟೆಲು ನಡೆಸುತ್ತಿದ್ದವರು. ಅವರ ತಂದೆ ಉಡುಪಿಯ ಕಡೆಯಿಂದ ಬಂದು ಹಾಕಿದ ಹೋಟೆಲು ಅದು. ಕಳೆದ ವರ್ಷ ಆ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ನಿಶ್ಚಯವಾಯಿತು. ಒಂದು ಕಡೆ ಹೋಟೆಲು ಹೋಗುವ ಚಿಂತೆ, ಇನ್ನೊಂದು ಕಡೆ ಮಗಳು ಬಣ್ಣ ಹಿಡಿದು ಕುಳಿತ ಚಿಂತೆ. ಭಾವನ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು.

ಅದೇ ಸಮಯಕ್ಕೆ ಹುಡುಗಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು. ನಗರದ ಯಾವುದಾದರೂ ಒಂದೇ ಜಾಗವನ್ನು ಆರಿಸಿಕೊಂಡು ವರ್ಷವಿಡೀ ಅದನ್ನೇ ನೋಡಿ ಬರೆಯಬೇಕು. "ಮಾವ, ನೀವು ಹೇಗೂ ನಿವೃತ್ತರು. ಶನಿವಾರ ಶನಿವಾರ ನನ್ನ ಜೊತೆ ತಿರುಗಲು ಬನ್ನಿ," ಎಂದಳು. ಅದುವರೆಗೆ ನಾನು ಚಿತ್ರ ಎಂದರೆ ಕ್ಯಾಲೆಂಡರು ಎಂದು ತಿಳಿದಿದ್ದವನು. ಆದರೂ ಹೊರಟೆ.

ಅವಳ ಶಾಲೆಯೆಂದರೆ ಸಾಮಾನ್ಯದ್ದಲ್ಲ, 1857ರಲ್ಲಿ ಹುಟ್ಟಿದ್ದು. ಅದರ ಸಮೀಪದಲ್ಲೇ ಕ್ರಾಫರ್ಡ್ ಮಾರುಕಟ್ಟೆ, ಈಗಿನ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ. ಮೊದಲ ಶನಿವಾರ ಹುಡುಗಿ ನನ್ನನ್ನು ಅದರ ಹೆಬ್ಬಾಗಿಲಿನ ಎದುರು ನಿಲ್ಲಿಸಿ, "ಮೇಲೆ ನೋಡಿ," ಎಂದಳು. ಬಾಗಿಲ ನೆತ್ತಿಯ ಮೇಲೆ ನಮ್ಮ ರೈತರನ್ನು ಕಲ್ಲಿನಲ್ಲಿ ಬಿಡಿಸಿದೆ. ಜೆ. ಜೆ. ಶಾಲೆಯಲ್ಲಿ ಶಿಕ್ಷಕನಾಗಿದ್ದ ಲಾಕ್‌ವುಡ್ ಕಿಪ್ಲಿಂಗನ ಕೆಲಸವದು. ನಲವತ್ತು ವರ್ಷ ನಾನು ಅದೇ ಬಾಗಿಲಿನಿಂದ ಒಳಗೆ ಹೋಗಿ ಮಾವಿನ ಹಣ್ಣು ತಂದಿದ್ದೇನೆ. ಒಂದು ದಿನವೂ ತಲೆ ಎತ್ತಿರಲಿಲ್ಲ! ಹಣ್ಣಿನ ದರದ ಮೇಲಿದ್ದ ಕಣ್ಣು ಕಲ್ಲಿನ ಮೇಲೆ ಬೀಳುವುದಾದರೂ ಹೇಗೆ?

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆ ಹಿಡಿದು ಹುತಾತ್ಮಾ ಚೌಕಕ್ಕೆ ನಡೆದೆವು. ನೆಲದಡಿಯ ಮೆಟ್ರೋ ಕೆಲಸಕ್ಕಾಗಿ ವರ್ಷಗಟ್ಟಲೆ ಈ ಕಡೆಯ ರಸ್ತೆಗಳನ್ನು ಅಗೆದು, ತಗಡಿನ ಬೇಲಿ ಕಟ್ಟಿದ್ದರು. 2025ರ ಅಕ್ಟೋಬರಿನಲ್ಲಿ ಆ ಮಾರ್ಗ ಕಫ್ ಪರೇಡಿನವರೆಗೆ ಪೂರ್ತಿಯಾಗಿ ತೆರೆಯಿತು. ಈಗ ಬೇಲಿಯ ನೆನಪೂ ಜನರಿಗಿಲ್ಲ. ಹುಡುಗಿಯ ಹಳೆಯ ಪುಸ್ತಕದಲ್ಲಿ ಮಾತ್ರ ಆ ಬೇಲಿಯಿದೆ, ಅದಕ್ಕೆ ಒರಗಿ ನಿದ್ದೆಮಾಡುವ ಕೂಲಿಯವನಿದ್ದಾನೆ. ಊರು ಮರೆತದ್ದನ್ನು ಪೆನ್ಸಿಲು ಇಟ್ಟುಕೊಂಡಿದೆ ಎಂದು ಆಗ ನನಗೆ ಮೊದಲ ಸಲ ಅನಿಸಿತು.

ಮುಂದೆ ಕಾಳಾ ಘೋಡಾ. ಏಳನೆಯ ಎಡ್ವರ್ಡನು ಕುದುರೆಯೇರಿ ಕುಳಿತ ಕರಿಯ ಪ್ರತಿಮೆ ಇದ್ದುದರಿಂದ ಆ ಹೆಸರು ಬಂತು. 1965ರಲ್ಲಿ ಅದನ್ನು ಅಲ್ಲಿಂದ ತೆಗೆದರು. ಈಗ ಅದು ಭಾಯಖಳಾದ ಜೀಜಾಮಾತಾ ಉದ್ಯಾನದಲ್ಲಿದೆ. ಕುದುರೆ ಹೋದರೂ ಹೆಸರು ಹೋಗಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಜನರು ಇಲ್ಲದ ಕುದುರೆಯ ಗುರುತಿನಿಂದಲೇ ದಾರಿ ಹೇಳಿದರು. ಕಡೆಗೆ 2017ರಲ್ಲಿ ಅಲ್ಲಿ ಹೊಸ ಕರಿಯ ಕುದುರೆ ಬಂತು. ಈ ಸಲ ಸವಾರನಿಲ್ಲದೆ.

ಅದರ ಹತ್ತಿರವೇ ಜಹಾಂಗೀರ್ ಕಲಾಗ್ಯಾಲರಿ. ಇಲ್ಲಿ ಕನ್ನಡಿಗರು ಒಂದು ಕ್ಷಣ ನಿಲ್ಲಬೇಕು. ಸರ್ ಕಾವಸ್‌ಜಿ ಜಹಾಂಗೀರರ ದಾನದಿಂದ 1952ರಲ್ಲಿ ಇದು ತೆರೆಯಿತು. ಇಂಥದೊಂದು ಬೇಕೆಂದು ಅವರ ಹಿಂದೆ ಬಿದ್ದು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರಾದರೆ, ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇನ್ನೊಬ್ಬರು. ಹೆಬ್ಬಾರರು ಜೆ. ಜೆ. ಶಾಲೆಯಲ್ಲೇ ಕಲಿತು, ಅಲ್ಲೇ ಕಲಿಸಿದವರು. ಸ್ವಂತ ಚಿತ್ರಕ್ಕಾಗಿ ಗೋಡೆ ಬೇಡುವವರು ಬಹಳ. ಎಲ್ಲರ ಚಿತ್ರಕ್ಕೂ ಗೋಡೆಯಾಗಲಿ ಎನ್ನುವವರು ವಿರಳ.

ಗ್ಯಾಲರಿಗೆ ಪ್ರವೇಶಧನವಿಲ್ಲ. ಯಾರು ಬೇಕಾದರೂ ಒಳಗೆ ಹೋಗಬಹುದು. ಆದರೆ ಅಲ್ಲಿ ಚಿತ್ರ ತೂಗುಹಾಕುವುದು ಅಷ್ಟು ಸುಲಭವಲ್ಲ. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕು. ಕಾಯಲಾರದವರು ಹೊರಗಿನ ಫುಟ್‌ಪಾತಿನಲ್ಲಿ ಚಿತ್ರ ಒರಗಿಸಿ ಕುಳಿತಿರುತ್ತಾರೆ. 1964ರಿಂದ 2015ರವರೆಗೆ ಒಳಗೆ 'ಸಮೋವಾರ್' ಎಂಬ ಉಪಾಹಾರಗೃಹವಿತ್ತು. ಒಂದು ಚಹಾ ಕುಡಿದು ಗಂಟೆಗಟ್ಟಲೆ ಕೂತು ವಾದ ಮಾಡುತ್ತಿದ್ದ ಚಿತ್ರಕಾರರಿಗೆ ಆ ಜಾಗವೂ ಹೋಯಿತು. "ಇಷ್ಟು ದೊಡ್ಡ ಊರಿನಲ್ಲಿ ನಮಗೆ ಒಂದು ಗೋಡೆ ಸಿಗುವುದು ಕಷ್ಟ, ಮಾವ," ಎಂದಳು ಹುಡುಗಿ. ಹಾಗೆ ಹೇಳುತ್ತಿದ್ದರೂ ಅವಳ ಕಣ್ಣು ಫುಟ್‌ಪಾತಿನ ಮುದುಕನೊಬ್ಬನ ಕುಂಚದ ಮೇಲಿತ್ತು.

ಎದುರಿಗೇ ಇರುವ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯಕ್ಕೂ ಹೋದೆವು. 1911ರಲ್ಲಿ ಕಟ್ಟಿದ ಕಾವಸ್‌ಜಿ ಜಹಾಂಗೀರ್ ಸಭಾಗೃಹವನ್ನು 1996ರಲ್ಲಿ ಚಿತ್ರಗಳಿಗಾಗಿ ತೆರೆದದ್ದು ಇದು. 2019ರ ಕೊನೆಯಲ್ಲಿ ಇಲ್ಲಿಯೇ ಸುಧೀರ್ ಪಟವರ್ಧನರ ಜೀವಮಾನದ ಚಿತ್ರಗಳ ದೊಡ್ಡ ಪ್ರದರ್ಶನ ನಡೆದಿತ್ತು. ಠಾಣೆಯಲ್ಲಿ ಕ್ಷಕಿರಣ ವೈದ್ಯರಾಗಿದ್ದುಕೊಂಡೇ, ರೈಲಿನ ಜನಜಂಗುಳಿ, ಕಾರ್ಮಿಕರು, ಬೀದಿಬದಿಯ ಮನೆಗಳನ್ನು ಬರೆದವರು ಅವರು. ಆಗ ಎಂಟನೆಯ ಇಯತ್ತೆಯಲ್ಲಿದ್ದ ಹುಡುಗಿ ಶಾಲೆಯವರೊಂದಿಗೆ ಬಂದು ನೋಡಿದ್ದಳಂತೆ. ಚಿತ್ರಕಲೆಯ ಹುಚ್ಚು ಅಂದೇ ಹತ್ತಿದ್ದು. 2001ರಲ್ಲಿ ಅವರು ಬರೆದ 'ಲೋವರ್ ಪರೇಲ್' ಎಂಬ ಚಿತ್ರವನ್ನು ಅವಳು ಒಂದು ಪುಸ್ತಕದಲ್ಲಿ ತೋರಿಸಿದಳು. ತೋರಿಸಿ, ಥಟ್ಟನೆ ಸುಮ್ಮನಾದಳು.

ಲೋಕಲ್ ಗಾಡಿಯಲ್ಲಿ ಮರಳುವಾಗ ಹೇಳಿದಳು: "ಮಾವ, ಪರೇಲನ್ನು ಬರೆದವರು ಠಾಣೆಯವರು. ನಾನು ಪರೇಲಿನಲ್ಲೇ ಹುಟ್ಟಿ, ಬರೆಯಲಿಕ್ಕೆ ಜಾಗ ಹುಡುಕುತ್ತಾ ಕಾಳಾ ಘೋಡಾ ಸುತ್ತುತ್ತಿದ್ದೇನೆ!"

ಮರುದಿನದಿಂದಲೇ ಅವಳು ತಂದೆಯ ಹೋಟೆಲಿನ ಮೂಲೆಯ ಮೇಜಿನಲ್ಲಿ ಕುಳಿತಳು.

ಆ ಗಲ್ಲಿಯ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಗಿರಣಗಾಂವ್ ಎಂದು ಕರೆಸಿಕೊಂಡ ಪ್ರದೇಶವದು. ಭೋಂಗಾ ಕೂಗಿದಾಗ ಹೋಟೆಲು ತುಂಬುತ್ತಿತ್ತು, ಪಾಳಿ ಬದಲಾದಾಗ ಇನ್ನೊಮ್ಮೆ ತುಂಬುತ್ತಿತ್ತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದರು. ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಭಾವನಿಗೆ ಆಗ ಹದಿನೈದು ವರ್ಷ. ಅವರ ತಂದೆ ಉದ್ರಿಯ ಪುಸ್ತಕ ಮುಚ್ಚಲಿಲ್ಲ. ತಿಂಗಳುಗಟ್ಟಲೆ ಬರೆದುಕೊಂಡೇ ಚಹಾ ಕೊಟ್ಟರು. ಆ ಬಾಕಿ ಬರಲೇ ಇಲ್ಲ. ಆದರೆ ಪುಸ್ತಕ ಮಾತ್ರ ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಇತ್ತು. ಕಾಲಕ್ರಮದಲ್ಲಿ ಗಿರಣಿಗಳ ನೆಲದಲ್ಲಿ ಗಗನಚುಂಬಿ ಕಟ್ಟಡಗಳು ಎದ್ದವು. ಫೀನಿಕ್ಸ್ ಗಿರಣಿಯು ಅಂಗಡಿಗಳ ಮಹಲಾಯಿತು.

ಹುಡುಗಿ ಬರೆದದ್ದು ಮಹಲನ್ನಲ್ಲ. ಮೊಣಕೈ ಊರಿ ಊರಿ ಅಂಚು ಸವೆದ ಅಮೃತಶಿಲೆಯ ಮೇಜು; ಹೊಗೆಗೆ ಕಪ್ಪಾದ ಗಡಿಯಾರ; ಉದ್ರಿಯ ಪುಸ್ತಕ; ಬಾಗಿಲಲ್ಲಿ ನಿಂತು ಗುರುತಿನವರಿಗಾಗಿ ನೋಡುವ ಮುದುಕ. ಭಾವ ಮೊದಮೊದಲು ಅತ್ತ ತಿರುಗಿಯೂ ನೋಡಲಿಲ್ಲ. ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳ ಬೆನ್ನ ಹಿಂದೆ ಬಂದು ನಿಂತರು. ಬಹಳ ಹೊತ್ತು ನೋಡಿ, "ತಪ್ಪು ಬರೆದಿದ್ದೀ ಮಗಾ. ನಮ್ಮ ಅಡಿಗೆಯವರು ಎಡಚರು. ಸೌಟು ಎಡಗೈಯಲ್ಲಿರಬೇಕು," ಎಂದರು.

ಹುಡುಗಿ ಒಳಗೆ ಹೋಗಿ ನೋಡಿಬಂದಳು. ಹೌದು! ಹುಟ್ಟಿದಂದಿನಿಂದ ಆ ಕೈಯ ಊಟ ಉಂಡವಳು, ಯಾವ ಕೈ ಎಂದು ನೋಡಿರಲಿಲ್ಲ. ಅಳಿಸಿ ತಿದ್ದಿದಳು. ಆ ದಿನದಿಂದ ತಂದೆ ಮಗಳ ಮಧ್ಯೆ ಬೇರೆಯೇ ಮಾತು ಸುರುವಾಯಿತು. ಆ ಕುರ್ಚಿಯಲ್ಲಿ ಯಾರು ಕೂರುತ್ತಿದ್ದರು, ಆ ಗೋಡೆಯ ಮೊಳೆಗೆ ಯಾವ ಚಿತ್ರಪಟವಿತ್ತು ಎಂದು ಅವರು ಹೇಳುವುದು, ಅವಳು ಬರೆಯುವುದು. ಚಿತ್ರಗಳು ನಲವತ್ತಾದವು.

ಹೋಟೆಲಿನ ಕೊನೆಯ ವಾರ ಬಂತು. "ಜಹಾಂಗೀರಿನಲ್ಲಿ ಜಾಗ ಸಿಗುವಾಗ ಈ ಹೋಟೆಲೇ ಇರುವುದಿಲ್ಲ. ಇಲ್ಲಿಯೇ ತೂಗಿಹಾಕಲೇ, ಅಪ್ಪ?" ಎಂದು ಹುಡುಗಿ ಕೇಳಿದಳು. ಭಾವ ಮಾತಾಡದೆ ಹಗ್ಗ ತಂದುಕೊಟ್ಟರು. ಬಟ್ಟೆ ಒಣಹಾಕುವ ಚಿಮಟಗಳಿಂದ ನಲವತ್ತು ಚಿತ್ರಗಳು ಗೋಡೆಯುದ್ದಕ್ಕೂ ತೂಗಿದವು. ಸುದ್ದಿ ಚಾಳಿನಿಂದ ಚಾಳಿಗೆ ಹೋಯಿತು. ಜನ್ಮದಲ್ಲಿ ಕಲಾಪ್ರದರ್ಶನಕ್ಕೆ ಕಾಲಿಡದ ಹಳೆಯ ಗಿರಣಿ ಕಾರ್ಮಿಕರು ಕನ್ನಡಕ ಒರೆಸಿಕೊಂಡು ಬಂದರು. ಒಬ್ಬರು ಒಂದು ಖಾಲಿ ಕುರ್ಚಿಯ ಚಿತ್ರದ ಮೇಲೆ ಬೆರಳಿಟ್ಟು, "ಇದು ನನ್ನ ಜಾಗ," ಎಂದು ಮರಾಠಿಯಲ್ಲಿ ಹೇಳಿ, ಹೋಗಿ ಅದೇ ಕುರ್ಚಿಯಲ್ಲಿ ಕುಳಿತರು.

ಪಕ್ಕದ ಎತ್ತರದ ಕಟ್ಟಡದ ಕಚೇರಿಯಿಂದ ಚಹಾಕ್ಕೆ ಬರುತ್ತಿದ್ದ ತರುಣನೊಬ್ಬ ಬೆಲೆ ಕೇಳಿದ. ಭಾವ ವ್ಯಾಪಾರಸ್ಥರು, ಮಗಳಿಗಿಂತ ಮೊದಲೇ ಬಾಯಿಬಿಟ್ಟು, "ನೀವೇ ಹೇಳಿ," ಎಂದರು. ಆತ ಹೇಳಿದ ಮೊತ್ತ ಕೇಳಿ ಅವರು ಗಲ್ಲಾಪೆಟ್ಟಿಗೆಯನ್ನು ಹಿಡಿದುಕೊಂಡರು! ಎರಡು ಚಿತ್ರ ಮಾರಾಟವಾದವು. ಮೂರನೆಯದು ಉದ್ರಿಯ ಪುಸ್ತಕದ ಚಿತ್ರ. "ಇದು ಕೊಡಲಿಕ್ಕಿಲ್ಲ," ಎಂದು ಭಾವ ತಾವೇ ಅದನ್ನು ಇಳಿಸಿ ಒಳಗಿಟ್ಟರು. ಬಂದ ಹಣವನ್ನು ಗಲ್ಲಾಪೆಟ್ಟಿಗೆಗೆ ಹಾಕಲಿಲ್ಲ, ಮಗಳ ಕೈಯಲ್ಲಿಟ್ಟರು.

ಈಗ ಆ ಕಟ್ಟಡವಿಲ್ಲ. ಮೊನ್ನೆ ಒಂದು ಮದುವೆಯಲ್ಲಿ ಯಾರೋ ಭಾವನನ್ನು ಅದೇ ಹಳೆಯ ಪ್ರಶ್ನೆ ಕೇಳಿದರು: "ಮಗಳು ಮುಂದೆ ಏನು ಮಾಡುತ್ತಾಳೆ?" ಭಾವ ಎಲೆಯಿಂದ ತಲೆ ಎತ್ತದೆ, "ಚಿತ್ರ ಬರೆಯುತ್ತಾಳೆ," ಎಂದರು. ಸ್ವರದಲ್ಲಿ ಚಿಂತೆ ಪೂರ್ತಿ ಹೋಗಿರಲಿಲ್ಲ. ನಾಚಿಕೆ ಮಾತ್ರ ಹೋಗಿತ್ತು.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಕೋಟೆ ಭಾಗಕ್ಕೆ ಹೋದಾಗ ಅರ್ಧ ಗಂಟೆ ಜಹಾಂಗೀರಿಗೆ ಕೊಡಿ. ಅದರಲ್ಲಿ ಹೆಬ್ಬಾರರ ಋಣವೂ ಇದೆ. ಇನ್ನು ನಮ್ಮವರ ಹೋಟೆಲುಗಳಲ್ಲಿ, ಸಂಘಗಳ ಸಭಾಗೃಹಗಳಲ್ಲಿ ಗೋಡೆಗಳಿಗೇನೂ ಬರವಿಲ್ಲ. ಅವುಗಳಲ್ಲೊಂದನ್ನು ವರ್ಷಕ್ಕೆ ಎಂಟು ದಿನ ಕಲಿಯುವ ಹುಡುಗರಿಗೆ ಬಿಟ್ಟುಕೊಟ್ಟರೆ ಸಾಕು. ಹಗ್ಗ ಮತ್ತು ಚಿಮಟ ನಾನು ತರುತ್ತೇನೆ.