ಕಡಲು ಕಾಣದ ಮಕ್ಕಳಿಗೆ ಕಡಲಾಮೆಯ ಗದ್ಯಾಂಶ

ಬೋಧನಾಭ್ಯಾಸದ ಎರಡನೆಯ ವಾರ. ಗಾಂಧಿನಗರದ ಸುತ್ತಲಿನ ಒಂದು ಶಾಲೆಯ ಎಂಟನೆಯ ತರಗತಿ. ನಮ್ಮ ಪ್ರಶಿಕ್ಷಣಾರ್ಥಿ ಅಪಠಿತ ಗದ್ಯಾಂಶದ ಪಾಠ ಮಾಡುತ್ತಿದ್ದರು. ವಿಷಯ ಹವಾಮಾನ ಬದಲಾವಣೆ ಮತ್ತು ಕಡಲಾಮೆಗಳ ಸಂರಕ್ಷಣೆ. ಸ್ಪಷ್ಟ ವಾಚನ, ಕಠಿಣ ಪದಗಳ ಅರ್ಥ, ಐದು ಪ್ರಶ್ನೆ, ಕೊನೆಗೆ ಸೂಕ್ತ ಶೀರ್ಷಿಕೆ. ಎಲ್ಲವೂ ಪಾಠಯೋಜನೆಯಂತೆಯೇ ನಡೆಯಿತು. ಮಕ್ಕಳು ಕೈ ಎತ್ತಿದರು, ಉತ್ತರಿಸಿದರು. ನಾನೂ ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನ ಪುಸ್ತಕದಲ್ಲಿ 'ಉತ್ತಮ' ಎಂದು ಬರೆಯಲು ಹೊರಟಿದ್ದೆ.

ಆಗ ಅವರು ಯೋಜನೆಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು. "ಮರಳು ಬಿಸಿಯಾದರೆ ಹುಟ್ಟುವ ಮರಿಗಳೆಲ್ಲ ಹೆಣ್ಣಾಗುತ್ತವೆ. ಇದರಿಂದ ಆಮೆಗಳಿಗೆ ಏನು ತೊಂದರೆ?" ತರಗತಿ ಸುಮ್ಮನಾಯಿತು. ಗದ್ಯಾಂಶದಲ್ಲಿ ಇದಕ್ಕೆ ನಕಲು ಮಾಡುವಂಥ ಸಾಲು ಇರಲಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗನೊಬ್ಬ ಎದ್ದು, "ತೊಂದ್ರೆ ಏನಿಲ್ಲ ಮಿಸ್. ಹೆಣ್ಣು ಜಾಸ್ತಿ ಆದ್ರೆ ಮೊಟ್ಟೆ ಜಾಸ್ತಿ ಆಗ್ತಾವಲ್ಲ, ಆಮೆನೂ ಜಾಸ್ತಿ ಆಗ್ತಾವ" ಎಂದ. ತರಗತಿ ನಕ್ಕಿತು. "ತಪ್ಪು, ಕುಳಿತುಕೋ" ಎಂದು ಪ್ರಶಿಕ್ಷಣಾರ್ಥಿ ಮುಂದಿನ ಪ್ರಶ್ನೆಗೆ ಹೋದರು. ಆ ಅವಧಿಯಲ್ಲಿ ಗದ್ಯಾಂಶವನ್ನು ನಿಜವಾಗಿ ಓದಿದ್ದವನು ಆ ಹುಡುಗನೊಬ್ಬನೇ ಎಂಬುದು ನನಗೆ ಹೊಳೆದದ್ದು ಮನೆಗೆ ಹೋಗುವ ದಾರಿಯಲ್ಲಿ.

ಉಳಿದವರು ಕೊಟ್ಟ ಉತ್ತರಗಳನ್ನು ನೋಡೋಣ. ಗದ್ಯಾಂಶದ ಮೊದಲ ಸಾಲು ಹೀಗಿತ್ತು: "ಹವಾಮಾನ ಬದಲಾವಣೆಯಿಂದಾಗಿ ಸಾಗರ ಜೀವವೈವಿಧ್ಯವು ಗಂಭೀರ ಅಪಾಯವನ್ನು ಎದುರಿಸುತ್ತಿದೆ." ಪ್ರಶ್ನೆ: "ಸಾಗರ ಜೀವವೈವಿಧ್ಯವು ಏನನ್ನು ಎದುರಿಸುತ್ತಿದೆ?" ಉತ್ತರ: "ಗಂಭೀರ ಅಪಾಯವನ್ನು ಎದುರಿಸುತ್ತಿದೆ." ಪೂರ್ಣ ಅಂಕ. ಮರುದಿನ ಕಾಲೇಜಿನಲ್ಲಿ ನಾನು ಕರಿಹಲಗೆಯ ಮೇಲೆ ಅರ್ಥವಿಲ್ಲದ ಒಂದು ವಾಕ್ಯ ಬರೆದೆ: "ಲೊಟಗದ ಬದಲಿಕೆಯಿಂದ ಗಿಮ್ಮಿಗಳು ತೊಣಪವನ್ನು ಎದುರಿಸುತ್ತಿವೆ." ಗಿಮ್ಮಿಗಳು ಏನನ್ನು ಎದುರಿಸುತ್ತಿವೆ ಎಂದು ಕೇಳಿದಾಗ ಬಿ.ಇಡಿ. ವಿದ್ಯಾರ್ಥಿಗಳೆಲ್ಲ "ತೊಣಪವನ್ನು" ಎಂದರು. ಗಿಮ್ಮಿ ಎಂದರೇನು ಎಂದು ಯಾರೂ ಕೇಳಲಿಲ್ಲ. ಕನ್ನಡದ ವಿಭಕ್ತಿ ಪ್ರತ್ಯಯ ತಿಳಿದವರು ಯಾರೇ ಆಗಲಿ ಇಂಥ ಪ್ರಶ್ನೆಗೆ ಉತ್ತರಿಸಬಲ್ಲರು. ಅದು ವ್ಯಾಕರಣದ ಪರೀಕ್ಷೆಯೇ ಹೊರತು ಓದಿನ ಪರೀಕ್ಷೆಯಲ್ಲ.

ಇದು ನಮ್ಮ ಜಿಲ್ಲೆಯ ಕಾಯಿಲೆಯೇನೂ ಅಲ್ಲ. ಅಮೆರಿಕದ ಡೊಲೊರೆಸ್ ಡರ್ಕಿನ್ 1978-79ರಲ್ಲಿ ಪ್ರಕಟಿಸಿದ ಅವಲೋಕನದಲ್ಲಿ, ಓದಿನ ಅವಧಿಗಳಲ್ಲಿ ಅರ್ಥ ಮಾಡಿಕೊಳ್ಳುವುದು ಹೇಗೆಂದು ಶಿಕ್ಷಕರು ನಿಜವಾಗಿ ಕಲಿಸಿದ ಸಮಯ ಶೇ. 1ಕ್ಕಿಂತಲೂ ಕಡಿಮೆ ಇತ್ತು. ಮಕ್ಕಳು ಅರ್ಥ ಮಾಡಿಕೊಂಡರೇ ಎಂದು ಪರೀಕ್ಷಿಸುವುದರಲ್ಲೇ ಬಹಳಷ್ಟು ಸಮಯ ಹೋಗುತ್ತಿತ್ತು. ಪಿರ್ಲ್ಸ್ ಎಂಬ ಅಂತರರಾಷ್ಟ್ರೀಯ ಓದು ಪರೀಕ್ಷೆಯು ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಹೇಳಿದ್ದನ್ನು ಹುಡುಕುವುದು, ಹೇಳದೆ ಬಿಟ್ಟದ್ದನ್ನು ನೇರವಾಗಿ ಊಹಿಸುವುದು, ಬೇರೆ ಬೇರೆ ಭಾಗಗಳನ್ನು ಕೂಡಿಸಿ ಅರ್ಥೈಸುವುದು, ಬರೆದದ್ದನ್ನು ತೂಗಿ ನೋಡುವುದು. ಆ ದಿನದ ಐದು ಪ್ರಶ್ನೆಗಳೂ ಮೊದಲನೆಯ ಬಗೆಯವು. ಆರನೆಯದು, ಅಂದರೆ ಯೋಜನೆಯಲ್ಲಿಲ್ಲದ್ದು, ಮೂರನೆಯ ಬಗೆಯದು.

ಈಗ ಹುಡುಗನ ಉತ್ತರಕ್ಕೆ ಬರೋಣ. ಪಕ್ಷಿಗಳಲ್ಲಿ, ನಮ್ಮಲ್ಲಿ, ಗಂಡು ಹೆಣ್ಣೆಂಬುದು ವರ್ಣತಂತುಗಳಿಂದ ಮೊದಲೇ ತೀರ್ಮಾನವಾಗುತ್ತದೆ. ಕಡಲಾಮೆಗಳಲ್ಲಿ ಹಾಗಲ್ಲ. ಮೊಟ್ಟೆ ಕಾವಿಗೆ ಕೂತ ಅವಧಿಯ ನಡುಭಾಗದಲ್ಲಿ ಗೂಡಿನ ಮರಳು ಎಷ್ಟು ಬಿಸಿಯಿತ್ತು ಎಂಬುದು ಅದನ್ನು ನಿರ್ಧರಿಸುತ್ತದೆ. ಜಾತಿಗೆ, ತೀರಕ್ಕೆ ತಕ್ಕಂತೆ ತುಸು ವ್ಯತ್ಯಾಸವಿದ್ದರೂ, ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಡು ಹೆಣ್ಣು ಸರಿಸಮ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ತೀರಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇ. 99ಕ್ಕಿಂತ ಹೆಚ್ಚು ಹೆಣ್ಣೇ ಇದ್ದುವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಹೆಣ್ಣು ಹೆಚ್ಚಾದರೆ ಮೊಟ್ಟೆ ಹೆಚ್ಚಾಗುವುದಿಲ್ಲವೇ? ಒಂದು ಮಟ್ಟದವರೆಗೆ ಹೌದು! ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಹೆಣ್ಣು ಕೆಲವು ವರ್ಷಗಳಿಗೊಮ್ಮೆ ಮಾತ್ರ ಮೊಟ್ಟೆಗೆ ಬರುತ್ತದೆ, ಗಂಡು ಅದಕ್ಕಿಂತ ಹೆಚ್ಚು ಸಲ ಬರುತ್ತದೆ. ಹಾಗಾಗಿ ಗಂಡು ಸ್ವಲ್ಪ ಕಡಿಮೆಯಾದ ಮಾತ್ರಕ್ಕೆ ಕುಲ ಅಳಿಯದು, ಕೆಲಕಾಲ ಗೂಡುಗಳ ಸಂಖ್ಯೆ ಏರಲೂಬಹುದು ಎಂದು ಈ ಕ್ಷೇತ್ರದ ವಿಜ್ಞಾನಿಗಳೇ ಚರ್ಚಿಸಿದ್ದಾರೆ. ಬಿಸಿ ಇನ್ನೂ ಏರುತ್ತ ಹೋದಾಗ ನಿಜವಾದ ತೊಂದರೆ. ಗಂಡುಗಳೇ ಸಿಗದಂತಾಗುತ್ತವೆ. ಮರಳು 35 ಡಿಗ್ರಿ ದಾಟಿ ಹಾಗೆಯೇ ನಿಂತರೆ ಮೊಟ್ಟೆಯೊಳಗೇ ಮರಿಗಳು ಸಾಯುತ್ತವೆ. ಹುಡುಗ ಗದ್ಯಾಂಶದ ಎರಡು ಸಾಲುಗಳನ್ನು ತನ್ನ ಮನೆಯ ಕೋಳಿಯ ಅನುಭವದೊಂದಿಗೆ ಕೂಡಿಸಿ ಅರ್ಧ ದಾರಿ ಬಂದಿದ್ದ. ಅವನಿಗೆ ಬೇಕಾಗಿದ್ದುದು "ಹೌದಲ್ಲ! ಹಾಗಾದರೆ ಎಲ್ಲವೂ ಹೆಣ್ಣೇ ಆದರೆ?" ಎಂಬ ಇನ್ನೊಂದು ಪ್ರಶ್ನೆ. ಸಿಕ್ಕಿದ್ದು "ತಪ್ಪು".

ಪ್ರಶಿಕ್ಷಣಾರ್ಥಿಯನ್ನು ದೂರುವಂತಿಲ್ಲ. ಆ ಉತ್ತರ ಎಲ್ಲಿ ಸರಿ, ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಆ ಹೊತ್ತಿನಲ್ಲಿ ನನಗೂ ಗೊತ್ತಿರಲಿಲ್ಲ. ಗದ್ಯಾಂಶ ನೂರು ಪದದ್ದಾದರೂ ಶಿಕ್ಷಕರ ಓದು ಅದರ ಹತ್ತರಷ್ಟಾದರೂ ಇರಬೇಕು. ನಮ್ಮ ಪಾಠಯೋಜನೆಯ ನಮೂನೆಯಲ್ಲಿ 'ಕಲಿಕೋಪಕರಣ'ಕ್ಕೆ ಅಂಕಣವಿದೆ, ಇದಕ್ಕಿಲ್ಲ.

ಇನ್ನು ಪೂರ್ವಜ್ಞಾನದ ಮಾತು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಅಮೆರಿಕದ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ನಮ್ಮ ಮಕ್ಕಳಿಗೆ ಕ್ರಿಕೆಟ್ ವರದಿ ಕೊಟ್ಟರೂ ಹೀಗೆಯೇ ಆದೀತು. ಬಳ್ಳಾರಿಯ ಮಕ್ಕಳಿಗೆ ಕಡಲೆಂಬುದು ಆ ಬೇಸ್‌ಬಾಲ್. ಮುನ್ನೂರು ಕಿಲೋಮೀಟರಿಗೂ ಆಚೆಯದು, ಬಹುಪಾಲು ಮಕ್ಕಳು ಸಿನಿಮಾದಲ್ಲಷ್ಟೇ ಕಂಡದ್ದು. ಹಾಗೆಂದು ಕಡಲಿನ ಗದ್ಯಾಂಶವನ್ನೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಓದು ಇರುವುದೇ ಕಾಣದ್ದನ್ನು ಕಾಣಿಸಲು. ಆದರೆ ದಾಟಲು ಒಂದು ಸೇತುವೆ ಬೇಕು.

ಮರಳಿನ ಬಿಸಿ ನಮ್ಮ ಮಕ್ಕಳಿಗೆ ಕರಾವಳಿಯ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಹಗರಿಯ ಒಣ ಪಾತ್ರದಲ್ಲಿ ಬರಿಗಾಲಲ್ಲಿ ನಡೆದವರು ಅವರು. ಓದುವ ಮೊದಲು ಅವರನ್ನು ಶಾಲೆಯ ಅಂಗಳಕ್ಕೆ ಕರೆದೊಯ್ಯಿರಿ. ಮಧ್ಯಾಹ್ನ ನೆಲದ ಮೇಲಿನ ಬಿಸಿಯನ್ನೂ ಒಂದೂವರೆ ಅಡಿ ಗುಂಡಿಯೊಳಗಿನ ಬಿಸಿಯನ್ನೂ ಥರ್ಮಾಮೀಟರಿನಿಂದ ಅಳೆಯಲಿ. ವಿಜ್ಞಾನ ಪ್ರಯೋಗಾಲಯದ್ದೇ ಬೇಕು, ಜ್ವರ ನೋಡುವುದು ನಮ್ಮ ಏಪ್ರಿಲ್ ನೆಲಕ್ಕೆ ಸಾಲದು. ಆಮೆ ಯಾಕೆ ಮೇಲೆ ಇಡದೆ ಗುಂಡಿ ತೋಡುತ್ತದೆ ಎಂದು ಆಮೇಲೆ ಕೇಳಿದರೆ ಉತ್ತರ ಅಂಗೈಯಿಂದಲೇ ಬರುತ್ತದೆ.

ಎರಡನೆಯ ಸೇತುವೆ ತುಂಗಭದ್ರೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಕುರುಗೋಡು, ಸಿರುಗುಪ್ಪದ ಕಡೆಯ ಮಕ್ಕಳಲ್ಲಿ ಹೊಳೆಯಲ್ಲಿ ನೀರುನಾಯಿ ನೋಡಿದವರು, ಅದು ಬಲೆ ಹರಿಯಿತೆಂದು ಬೈದವರ ಮಾತು ಕೇಳಿದವರು ಇರಬಹುದು. ಪ್ರಾಣಿಯನ್ನು ಉಳಿಸುವುದೆಂದರೆ ಅದರ ಜೊತೆ ಬದುಕುವ ಮೀನುಗಾರನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು ಎಂಬುದು ಅಲ್ಲಿಂದ ತಿಳಿದರೆ, ಹೊನ್ನಾವರದ ಕಾಸರಕೋಡು ಟೊಂಕದ ಮೀನುಗಾರರ ಮಾತು ಬಂದಾಗ ಅದು ಬರೀ ಹೆಸರಾಗಿ ಉಳಿಯುವುದಿಲ್ಲ.

ಪದಗಳಲ್ಲೂ ಒಂದು ಮುಳ್ಳಿದೆ. ಸಮಾಜ ವಿಜ್ಞಾನದ ಪಠ್ಯದಲ್ಲಿ ದಿನದಿನದ ಮಳೆ ಬಿಸಿಲಿಗೆ ಹವಾಮಾನ, ಬಹುಕಾಲದ ಸರಾಸರಿಗೆ ವಾಯುಗುಣ ಎಂದು ಕಲಿಸುತ್ತೇವೆ. ಪತ್ರಿಕೆಗಳು, ಗದ್ಯಾಂಶಗಳು 'ಹವಾಮಾನ ಬದಲಾವಣೆ' ಎನ್ನುತ್ತವೆ. ಪಾಠವನ್ನು ಶ್ರದ್ಧೆಯಿಂದ ಕಲಿತ ಮಗು ಇದನ್ನು ನಿನ್ನೆ ಬಿಸಿಲು, ಇಂದು ಮೋಡ ಎಂದೇ ಓದುತ್ತದೆ. ಅಂದರೆ ಇಲ್ಲಿ ಜಾಣ ಮಗುವೇ ಎಡವುತ್ತದೆ. ಎರಡೂ ಪದಗಳನ್ನು ಹಲಗೆಯ ಮೇಲೆ ಬರೆದು ಎರಡು ನಿಮಿಷ ಮಾತಾಡಿದರೆ ಮುಳ್ಳು ಹೋಗುತ್ತದೆ. ಮನೆಯಲ್ಲಿ ತೆಲುಗು ಮಾತಾಡುವ ಮಗುವಿಗೆ ಆಮೆ ತಾಬೇಲು, ಉರ್ದು ಮಾತಾಡುವ ಮಗುವಿಗೆ ಕಛುವಾ. ಆ ಪದಗಳು ತರಗತಿಯಲ್ಲಿ ಕೇಳಿಬರಲಿ, ಕನ್ನಡಕ್ಕೆ ಅದರಿಂದ ನಷ್ಟವಿಲ್ಲ.

ಮುಂದಿನ ವಾರಕ್ಕೆ ಪ್ರಶಿಕ್ಷಣಾರ್ಥಿಯೂ ನಾನೂ ಕೂತು ಗದ್ಯಾಂಶವನ್ನು ಹೊಸದಾಗಿ ಬರೆದೆವು:

"ಆಲಿವ್ ರಿಡ್ಲೆ ಜಾತಿಯ ಕಡಲಾಮೆ ಚಳಿಗಾಲದ ರಾತ್ರಿ ನಮ್ಮ ಕರಾವಳಿಯ ದಡಕ್ಕೆ ಬರುತ್ತದೆ. ಮರಳಿನಲ್ಲಿ ಗುಂಡಿ ತೋಡಿ ಸುಮಾರು ನೂರು ಮೊಟ್ಟೆ ಇಟ್ಟು, ಮುಚ್ಚಿ, ಕಡಲಿಗೆ ಹಿಂದಿರುಗುತ್ತದೆ. ಮತ್ತೆ ಬಂದು ನೋಡುವುದಿಲ್ಲ. 45ರಿಂದ 60 ದಿನಗಳಲ್ಲಿ ಮರಿಗಳು ರಾತ್ರಿ ಹೊರಬಂದು ಬೆಳಕು ಹೆಚ್ಚಿರುವ ಕಡೆಗೆ ತೆವಳುತ್ತವೆ. ಕತ್ತಲಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಕಾಣುವುದು ಕಡಲು. ಮರಳು ತಂಪಾಗಿದ್ದರೆ ಗಂಡುಮರಿ ಹೆಚ್ಚು, ಬಿಸಿಯಾಗಿದ್ದರೆ ಹೆಣ್ಣುಮರಿ ಹೆಚ್ಚು. ಗೂಡು ಕಂಡಲ್ಲಿ ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಬೇಲಿ ಕಟ್ಟಿ ಕಾಯುತ್ತಾರೆ."

ಪ್ರಶ್ನೆಗಳು ನಾಲ್ಕೇ. ಮರಿಗಳು ಎಷ್ಟು ದಿನಕ್ಕೆ ಹೊರಬರುತ್ತವೆ? ತಾಯಿ ಹೋದ ಮೇಲೆ ಮೊಟ್ಟೆಗೆ ಕಾವು ಕೊಡುವವರು ಯಾರು? ದಡದ ಹೋಟೆಲಿನವರು ರಾತ್ರಿಯಿಡೀ ದೀಪ ಉರಿಸಿದರೆ ಮರಿಗಳಿಗೆ ಏನಾದೀತು? ಬೇಲಿ ಕಟ್ಟಿದರೆ ಗಂಡು ಹೆಣ್ಣಿನ ಸಮಸ್ಯೆ ಪರಿಹಾರವಾಗುತ್ತದೆಯೇ? ಮೊದಲನೆಯದಕ್ಕೆ ಬೆರಳಿಟ್ಟು ತೋರಿಸಬಹುದಾದ ಸಾಲಿದೆ. ಉಳಿದ ಮೂರಕ್ಕೆ ಇಲ್ಲ, ಆದರೆ ಮೂರಕ್ಕೂ ಆಧಾರ ಗದ್ಯಾಂಶದಲ್ಲೇ ಇದೆ. ಪ್ರತಿ ಉತ್ತರದ ಹಿಂದೆ "ಯಾವ ಸಾಲಿನಿಂದ ಹಾಗೆ ಅನ್ನಿಸಿತು?" ಎಂದು ಕೇಳುವುದೆಂದು ನಿಶ್ಚಯಿಸಿಕೊಂಡೆವು. ಇದಿಲ್ಲದಿದ್ದರೆ ಊಹೆ ಹರಟೆಯಾಗುತ್ತದೆ.

ಪಾಠ ನಲವತ್ತು ನಿಮಿಷದಲ್ಲಿ ಮುಗಿಯಲಿಲ್ಲ. ನಾಲ್ಕನೆಯ ಪ್ರಶ್ನೆಗೇ ಗಂಟೆ ಹೊಡೆಯಿತು. ಶೀರ್ಷಿಕೆ ಬರೆಸಲೂ ಆಗಲಿಲ್ಲ. ನಮೂನೆಯ ಪ್ರಕಾರ ಅಂಕ ಕೊಟ್ಟರೆ 'ಸಮಯಪಾಲನೆ'ಯಲ್ಲಿ ಕಡಿತವಾಗಬೇಕು, ಆಯಿತು ಕೂಡ. ಎರಡನೆಯ ಪ್ರಶ್ನೆಗೆ ಅರ್ಧ ತರಗತಿ "ಗಂಡಾಮೆ" ಎಂದಿತು. ಮೂರನೆಯದಕ್ಕೆ ಒಬ್ಬ ಹುಡುಗಿ, ಮರಿಗಳು ಹೋಟೆಲಿಗೆ ಹೋಗುತ್ತವೆ ಎಂದಾಗ ಎಲ್ಲರೂ ನಕ್ಕರು. ಈ ಸಲ ಪ್ರಶಿಕ್ಷಣಾರ್ಥಿ ನಗಲಿಲ್ಲ. "ಯಾವ ಸಾಲು?" ಎಂದರು. ಹುಡುಗಿ ಬೆರಳಿಟ್ಟು ಓದಿದಳು, ನಗು ನಿಂತಿತು.

ಕಿಟಕಿಯ ಪಕ್ಕದ ಹುಡುಗನೂ ಅಂದು ಇದ್ದ. ನಾಲ್ಕನೆಯ ಪ್ರಶ್ನೆಗೆ ಅವನು ತಾನಾಗಿ ಕೈ ಎತ್ತಲಿಲ್ಲ. ಪ್ರಶಿಕ್ಷಣಾರ್ಥಿ ಅವನ ಬಳಿ ಹೋಗಿ, ಹೋದ ವಾರ ನೀನು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು, ನನಗೆ ಗೊತ್ತಿರಲಿಲ್ಲ ಎಂದರು. ಅವನು ಸ್ವಲ್ಪ ಹೊತ್ತು ಪುಸ್ತಕ ನೋಡುತ್ತಿದ್ದು, "ಬೇಲಿ ನಾಯಿಗೆ ಅಡ್ಡ ಆಗ್ತದ ಮಿಸ್, ಬಿಸಿಲಿಗೆ ಆಗಲ್ಲ. ನೆರಳು ಹಾಕ್ಬೇಕು" ಎಂದ. ಗೂಡುಗಳಿಗೆ ನೆರಳು ಕಟ್ಟಿ ಮರಳನ್ನು ತಂಪಾಗಿಡುವ ಪ್ರಯೋಗಗಳು ಬೇರೆ ದೇಶಗಳ ತೀರಗಳಲ್ಲಿ ನಡೆದಿವೆ. ಅದು ಗದ್ಯಾಂಶದಲ್ಲಿರಲಿಲ್ಲ.